ಬಂಡೆ ಸಡಿಲಿದ ವರ್ಷ

ಲೆಹುವಾ ಮೆಡೈರೋಸ್ ತೀರಿಕೊಂಡ ಮೇಲೆ ಅವಳ ಕೊನೆಯ ವರ್ಷದ ಇಸ್ಪೀಟಾಟದ ಬಗ್ಗೆ ಎರಡು ಮಾತು ಓಡಾಡುತ್ತಿವೆ. ಅವಳಿಗೆ ಅರಳುಮರಳು ಹಿಡಿದಿತ್ತು ಎನ್ನುವುದು ಒಂದು. ಸಾವು ಹತ್ತಿರ ಬಂದದ್ದು ತಿಳಿದು, ಇನ್ನು ಉಳಿಸಿ ಏನು ಮಾಡಲಿ ಎಂದು ಕೈಬಿಚ್ಚಿ ಆಡಿದಳು ಎನ್ನುವುದು ಇನ್ನೊಂದು. ಎರಡೂ ಸುಳ್ಳು. ಅವಳ ತಲೆ ಕೊನೆಯವರೆಗೂ ಚುರುಕಾಗಿಯೇ ಇತ್ತು. ಸಾವಿನ ಸುಳಿವು ಅವಳಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದವಳು ಹಾಗೇ ಕುಸಿದಳು. ಅವಳು ಯಾಕೆ ಹಾಗೆ ಆಡಿದಳು ಎಂಬುದು ಅವಳು ಬದುಕಿದ್ದಾಗ ಗೊತ್ತಿದ್ದವಳು ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ನಾವಿಬ್ಬರೂ ಹವಾಯಿ ದ್ವೀಪದ ಹಿಲೋ ಊರಿನವರು. ಕಬ್ಬಿನ ತೋಟಗಳು ಮುಚ್ಚಿದಾಗ ಊರಿನ ಎಷ್ಟೋ ಮಂದಿಯಂತೆ ಲಾಸ್ ವೇಗಸ್‌ಗೆ ಬಂದೆವು. ನಾನು ಶಾಲೆಯೊಂದರ ಲೈಬ್ರರಿ ಸೇರಿದೆ. ಅವಳು ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಕೂತು ಕೆಲಸಗಾರರ ಸಮವಸ್ತ್ರಗಳಿಗೆ ಗುಂಡಿ ಹಾಕಿದಳು, ಅಂಚು ಹೊಲಿದಳು, ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡಳು. ನೂಲಿನ ತುಂಡನ್ನೂ ಎಸೆದವಳಲ್ಲ. ಕೆಲಸದಿಂದ ನಿವೃತ್ತಳಾಗಿ, ಗಂಡ ಕ್ಲೆಮೆಂಟ್ ಹೋದ ಮೇಲೆ, ಬೆಳಿಗ್ಗೆ ಹೊತ್ತು ಕಾಪರ್ ಲ್ಯಾಂಟರ್ನ್ ಕ್ಯಾಸಿನೋದ ಪೋಕರ್ ಮೇಜಿಗೆ ಹೋಗತೊಡಗಿದಳು.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವಳೂ ಅವಳೇ. ನನ್ನ ಗಂಡ ಸತ್ತು, ನಾನು ಪರದೆ ಎಳೆದುಕೊಂಡು ಮನೆಯಲ್ಲೇ ಬಿದ್ದಿದ್ದ ಕಾಲ. ಒಂದು ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತಳು.

"ಹಲ್ಲುಜ್ಜಿದ್ಯೇನೇ ಸುಮಿ?"

"ಹೂಂ."

"ಹಂಗಾದ್ರೆ ಹತ್ತು ಗಾಡಿ. ಇನ್ನೊಂದಿನ ಆ ಟೀವಿ ಮುಂದೆ ಕೂತ್ರೆ ಟೀವಿ ಜತೆ ನಿನ್ನನ್ನೂ ಮಾರ್ತಾರೆ."

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಬರುತ್ತವೆ. ಎಲ್ಲರಿಗೂ ಸೇರಿದ ಐದು ಎಲೆಗಳು ಮೇಜಿನ ನಡುವೆ ಹಂತಹಂತವಾಗಿ ತೆರೆಯುತ್ತವೆ. ಪ್ರತಿ ಹಂತದಲ್ಲೂ ದುಡ್ಡಿನ ಬದಲಿನ ಬಿಲ್ಲೆಗಳನ್ನು ಪಣಕ್ಕೆ ತಳ್ಳುತ್ತಾರೆ, ಎಲ್ಲ ಸೇರಿಸಿ ಯಾರ ಎಲೆ ಮೇಲೋ ಆ ರಾಶಿ ಅವರದು. ನಿಮ್ಮ ಎರಡು ಎಲೆ ಹಿಡಿಸದಿದ್ದರೆ ಬಿಟ್ಟು ಸುಮ್ಮನೆ ಕೂರಬಹುದು. ಲೆಹುವಾ ಹೀಗೆ ಸುಮ್ಮನೆ ಕೂರುವುದರಲ್ಲಿ ಎತ್ತಿದ ಕೈ. ಜೋಡಿ ಎಕ್ಕ, ಜೋಡಿ ರಾಜ, ಎಕ್ಕದ ಜತೆ ರಾಜ, ಇಂಥವು ಬರುವವರೆಗೆ ಬಿಲ್ಲೆ ಮುಟ್ಟುತ್ತಿರಲಿಲ್ಲ. ಮೇಜಿನವರು ಅವಳಿಗೆ ಬಂಡೆ ಎಂದು ಹೆಸರಿಟ್ಟಿದ್ದರು. ಅವಳ ಕೈ ಬಿಲ್ಲೆಯ ಕಡೆ ಹೋದರೆ ಸಾಕು, ಎದುರಿಗೆ ಕೂರುತ್ತಿದ್ದ ಎಲ್ಮೊ ಸ್ಟ್ರಾಂಡ್, "ಬಂಡೆ ಅಲುಗಾಡ್ತು, ಓಡ್ರಪ್ಪಾ" ಎನ್ನುತ್ತಿದ್ದ. ಎಲ್ಲರೂ ಎಲೆ ಬಿಡುತ್ತಿದ್ದರು.

ಎಲ್ಮೊ ಮೊದಲು ಲಾರಿ ಓಡಿಸುತ್ತಿದ್ದವನು. ಈಗ ಮೂಗಿನಲ್ಲಿ ಆಮ್ಲಜನಕದ ನಳಿಕೆ, ಪಕ್ಕದಲ್ಲಿ ಚಕ್ರದ ಮೇಲೆ ಸಿಲಿಂಡರು. ನಮ್ಮ ಮೇಜು ಬಿಟ್ಟರೆ ಅವನ ಜತೆ ಮಾತಾಡುವವರೆಂದರೆ ಔಷಧಿ ಅಂಗಡಿಯವರು ಮಾತ್ರ. ಉಳಿದವರ ಕಥೆಯೂ ಹೆಚ್ಚುಕಡಿಮೆ ಅದೇ. ನಿಜ ಹೇಳಬೇಕೆಂದರೆ ಆ ಮೇಜಿನಲ್ಲಿ ಎಲ್ಲರೂ ಬಂಡೆಗಳೇ. ಲೆಹುವಾ ಸ್ವಲ್ಪ ದೊಡ್ಡ ಬಂಡೆ, ಅಷ್ಟೇ.

ಪೋಕರ್ ಕೋಣೆಯ ಮೇಲ್ವಿಚಾರಕ ಕರ್ಟಿಸ್ ಪೆಲ್ಲಮ್ ಒಳ್ಳೆಯವನು. ಒಂದು ಬೆಳಿಗ್ಗೆ ಬಂದು ಲೆಹುವಾಳ ಕುರ್ಚಿಯ ಹಿಂದೆ ನಿಂತು ಕೈ ಹೊಸಕಿಕೊಂಡ.

"ಆಂಟಿ, ತಪ್ಪು ತಿಳೀಬೇಡಿ. ಮೇಲಿನೋರು ಈ ಮೂಲೇಲಿ ಜೂಜಿನ ಮೆಷಿನ್ ಇಡಬೇಕು ಅಂತಿದಾರೆ. ಪ್ರತಿ ಆಟದ ರಾಶೀಲಿ ಕ್ಯಾಸಿನೋಗೊಂದು ಚೂರು ಅಂತ ನಾವು ತಗೋತೀವಲ್ಲ, ನಿಮ್ಮ ಮೇಜಲ್ಲಿ ರಾಶಿನೇ ಬೀಳಲ್ಲ. ಎಲೆ ನೋಡ್ತೀರ, ಬಿಡ್ತೀರ, ಕಾಫಿ ಕುಡೀತೀರ. ದಾರೀಲಿ ಹೋಗೋರು ನಿಮ್ಮನ್ನ ನೋಡಿ, ಡಾಕ್ಟರ್ ಒಳಗಿದಾರಾ ಅಂತ ನನ್ನ ಕೇಳ್ತಾರೆ."

"ಇದಾರಾ?" ಎಂದ ಎಲ್ಮೊ. "ನಂಗೂ ಒಂಚೂರು ಕೆಲಸ ಇತ್ತು."

ಎಲ್ಲರೂ ನಕ್ಕರು. ಕರ್ಟಿಸ್ ನಗಲಿಲ್ಲ. ಹೊಸಬರು ಬಂದು ಕೂತು ಆಟ ಚುರುಕಾಗದಿದ್ದರೆ ಮೇಜು ಎತ್ತಿಬಿಡುತ್ತಾರೆ ಎಂದು ಹೇಳಿ ಹೋದ.

ಮನೆಗೆ ಬರುವಾಗ ಲೆಹುವಾ ಗಾಡಿ ಓಡಿಸುತ್ತಿದ್ದಳು. ದಾರಿಯಲ್ಲಿ ಕೇಳಿದಳು, "ಮೇಜು ಎತ್ತಿದ್ರೆ ಎಲ್ಮೊ ಎಲ್ಲಿಗೆ ಹೋಗ್ತಾನೇ?"

"ಬೇರೆ ಕ್ಯಾಸಿನೋಗೆ."

"ಅಲ್ಲೆಲ್ಲ ಹೊಸ ಹುಡುಗರು. ಕಪ್ಪು ಕನ್ನಡಕ, ಕಿವೀಲಿ ಹಾಡು. ಪಕ್ಕದಲ್ಲಿ ಹೆಣ ಬಿದ್ರೂ ಅವರಿಗೆ ಗೊತ್ತಾಗಲ್ಲ." ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿ, "ನೀನೆಲ್ಲಿಗೆ ಹೋಗ್ತೀಯ?" ಎಂದಳು.



ಮಾರನೆಯ ದಿನ ಲೆಹುವಾ ಮೊದಲ ಸಲಕ್ಕೇ ಬಿಲ್ಲೆ ಮುಂದೆ ತಳ್ಳಿದಳು. ವಾಡಿಕೆಯಂತೆ ಎಲ್ಲರೂ ಎಲೆ ಬಿಟ್ಟರು, ಎಲ್ಮೊ ಒಬ್ಬ ಉಳಿದ. ಅವನ ಕೈಯಲ್ಲಿ ಜೋಡಿ ರಾಣಿ ಇತ್ತು. ನಡುವಿನ ಎಲೆಗಳೆಲ್ಲ ತೆರೆದ ಮೇಲೆ ಲೆಹುವಾ ತನ್ನವನ್ನು ಮಗುಚಿದಳು. ಇಸ್ಪೇಟಿನ ಏಳು, ಆಟೀನಿನ ನಾಲ್ಕು. ನಡುವೆಯೂ ಒಂದು ಏಳು, ಒಂದು ನಾಲ್ಕು ಬಿದ್ದಿದ್ದವು. ಎರಡು ಜೋಡಿಯಾಗಿ ಅವಳೇ ಗೆದ್ದಿದ್ದಳು.

"ಏಳು ನಾಲ್ಕು," ಎಂದ ಎಲ್ಮೊ. "ಏಳು ನಾಲ್ಕು ಇಟ್ಕೊಂಡು ಬಂದ್ಯಾ? ನೀನು?"

"ಬಣ್ಣ ಚೆನ್ನಾಗಿತ್ತು ಕಣೋ."

"ಒಂದು ಕಪ್ಪು, ಒಂದು ಕೆಂಪು. ಏನ್ ಬಣ್ಣ ಅದು?"

"ಅದಕ್ಕೇ ಮತ್ತೆ. ಎರಡೂ ಒಂದೇ ಬಣ್ಣ ಆಗಿದ್ರೆ ಬೇಜಾರು."

ಆ ದಿನ ಮೇಜು ಮಧ್ಯಾಹ್ನದವರೆಗೂ ನಗುತ್ತಿತ್ತು. ಆದರೆ ಬಿಗಿಯಾಗಿ ಆಡುವವರಿಗೆ ಒಂದು ಚಾಳಿಯಿದೆ. ಒಬ್ಬರು ಸಡಿಲವಾಗಿ, ಕೆಟ್ಟ ಎಲೆಗೂ ಬಿಲ್ಲೆ ತಳ್ಳಿದರೆ ಉಳಿದವರು ಇನ್ನಷ್ಟು ಬಿಗಿಯಾಗುತ್ತಾರೆ, ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತು ಮೀನು ತಾನಾಗಿ ಬರಲಿ ಎಂದು ಕಾಯುತ್ತಾರೆ. ನಮ್ಮವರೂ ಅದನ್ನೇ ಮಾಡಿದರು. ಬಂಡೆಗೆ ಏನೋ ಆಗಿದೆ, ಒಳ್ಳೆಯ ಎಲೆ ಬರುವವರೆಗೆ ತಡೆದರೆ ಅವಳ ಬಿಲ್ಲೆಯೆಲ್ಲ ನಮ್ಮದು ಎಂದು ಲೆಕ್ಕ ಹಾಕಿದರು. ಕೆಲವು ವಾರ ಲೆಹುವಾ ಒಬ್ಬಳೇ ಆಡಿದಳು, ಮಿಕ್ಕವರು ಅವಳನ್ನು ಬೇಟೆಯಾಡಿದರು. ಹಿಲೋಗೆ ಹೋಗಿಬರಲೆಂದು ಕೂಡಿಟ್ಟ ದುಡ್ಡು ಅದರಲ್ಲೇ ಕರಗುತ್ತಿತ್ತು.

ಒಂದು ದಿನ ಕ್ಯಾಸಿನೋದ ಹೋಟೆಲಿನಲ್ಲಿ ಎತ್ತಿನ ಬಾಲದ ಸೂಪು ಮುಂದಿಟ್ಟುಕೊಂಡು ನಾನು ಜಗಳಕ್ಕೇ ಬಿದ್ದೆ.

"ಸುಲೀತಿದಾರೆ ಕಣೇ ನಿನ್ನ."

"ಗೊತ್ತು."

"ಯಾಕ್ ಹಿಂಗಾಡ್ತಿದೀಯ ಅಂತ ಹೇಳ್ಬಿಡೇ. ಎಲ್ಲರೂ ಒಂಚೂರು ಸಡಿಲ ಆದ್ರೆ ನಿಂಗೊಬ್ಬಳಿಗೇ ಹೊರೆ ಆಗಲ್ಲ."

"ಒಳಗೊಳಗೇ ಮಾತಾಡ್ಕೊಂಡು ಆಡಿದ್ರೆ ಅದು ಮೋಸ. ಕರ್ಟಿಸ್ ಎಲ್ಲರನ್ನೂ ಆಚೆ ಹಾಕ್ತಾನೆ." ಅವಳು ಮೂಳೆ ಚೀಪಿ ಬದಿಗಿಟ್ಟಳು. "ಅದೂ ಅಲ್ದೆ, ಹೇಳಿದ ದಿನವೇ ಅದು ಆಟ ಆಗಲ್ಲ, ದಾನ ಆಗುತ್ತೆ. ಎಲ್ಮೊ ದಾನ ತಗೊಳೋ ಪೈಕಿನಾ? ಸಿಲಿಂಡರ್ ಎಳ್ಕೊಂಡು ಎದ್ದು ಹೋಗ್ತಾನೆ. ಸುಮ್ನೆ ಸೂಪ್ ಕುಡಿ, ಆರೋಗುತ್ತೆ."

ಚಳಿಗಾಲ ಬರುವ ಹೊತ್ತಿಗೆ ನಾನು ಎಣಿಸದ ಒಂದು ಸಂಗತಿ ನಡೆಯಿತು. ಅವಳಿಗೆ ಆ ಆಟ ಒಗ್ಗಿತು. ಸೋಲು ಕಡಿಮೆಯಾಯಿತು. ಸಡಿಲ ಆಟವೆಂದರೆ ಕಣ್ಣುಮುಚ್ಚಿ ಎಸೆಯುವುದು ಎಂದು ನಾನು ತಿಳಿದಿದ್ದೆ. ಅವಳು ಹೇಳಿದಳು, "ಬಿಗಿ ಆಡೋವಾಗ ನನ್ನ ಎರಡೆಲೆ ಬಿಟ್ಟು ಇನ್ನೇನೂ ನೋಡ್ತಿರ್ಲಿಲ್ಲ ಕಣೇ. ಈಗ ನನ್ನೆಲೆ ಹೆಂಗೂ ಕೆಟ್ಟದು. ಅದನ್ನ ನೋಡಿ ಏನ್ ಮಾಡ್ಲಿ? ಜನಾನೇ ನೋಡ್ಬೇಕು." ಹಾಗೆ ನೋಡಿಯೇ ಅವಳಿಗೆ ತಿಳಿದದ್ದು, ಎಲ್ಮೊಗೆ ಒಳ್ಳೆಯ ಎಲೆ ಬಂದರೆ ಒಂದು ಕ್ಷಣ ನಳಿಕೆಯ ಸದ್ದು ನಿಲ್ಲುತ್ತದೆ, ಉಸಿರು ಬಿಗಿಹಿಡಿದಿರುತ್ತಾನೆ. ನಾನು ಸುಳ್ಳಾಡುವಾಗ ಬಿಲ್ಲೆಗಳನ್ನು ನೆಟ್ಟಗೆ ಜೋಡಿಸುತ್ತೇನಂತೆ. ನನಗೇ ಅದು ಗೊತ್ತಿರಲಿಲ್ಲ. ಎಲ್ಮೊನ ಕಾಲು ಊದಿರುವುದನ್ನು ಮೊದಲು ಕಂಡವಳೂ ಅವಳೇ. ಬೈದು ಡಾಕ್ಟರ ಹತ್ತಿರ ಅಟ್ಟಿದಳು.

ಆಟವನ್ನು ಬದುಕಿಗೆ ಹೋಲಿಸುವ ಪುಸ್ತಕಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಆ ಹೋಲಿಕೆ ನನಗೆ ಹಿಡಿಸುವುದಿಲ್ಲ. ಬಂದ ಎಲೆ ಬಿಟ್ಟು ಇನ್ನೆರಡು ಬರಲಿ ಎಂದು ಬದುಕಿನಲ್ಲಿ ಕಾಯಲು ಆಗುವುದಿಲ್ಲ. ಆದರೆ ಒಂದು ಮಾತ್ರ ಕಂಡೆ. ಇಡೀ ಆಯುಸ್ಸು ಕೈ ಬಿಗಿಹಿಡಿದ ಹೆಂಗಸೊಬ್ಬಳು ಆ ವಯಸ್ಸಿನಲ್ಲಿ ಕೈ ಬಿಚ್ಚುವುದನ್ನು ಕಲಿತಳು. ಒಂದು ಕೆಲಸಕ್ಕೆಂದು ಶುರು ಮಾಡಿದ್ದು, ಕಡೆಗೆ ಅವಳಿಗೇ ರುಚಿ ಹತ್ತಿತು. ಗಾಡಿಯಲ್ಲಿ ಹಾಡುತ್ತಿದ್ದಳು. ಹೊಗಳಿ ಹೇಳುತ್ತಿಲ್ಲ, ಅವಳಿಗೆ ಕಂಠವಿರಲಿಲ್ಲ.

ದಾರಿಹೋಕರು ನಿಂತು ನೋಡತೊಡಗಿದರು. ಏಳು ನಾಲ್ಕು ಹಿಡಿದು ನಗುವ ಮುದುಕಿಯ ಪಕ್ಕ ಕೂರುವುದು ಯಾರಿಗೆ ಬೇಡ? ನೆಬ್ರಾಸ್ಕಾದಿಂದ ಬಂದ ಗಂಡಹೆಂಡತಿ ಊರು ನೋಡುವುದು ಬಿಟ್ಟು ಎರಡು ಬೆಳಿಗ್ಗೆ ನಮ್ಮ ಮೇಜಿನಲ್ಲೇ ಕಳೆದರು. ಜಾಗಕ್ಕಾಗಿ ಹೆಸರು ಬರೆಸಿ ಕಾಯುವವರಿದ್ದರು. ಕರ್ಟಿಸ್ ಮೆಷಿನ್ನಿನ ಮಾತೆತ್ತುವುದು ಬಿಟ್ಟ. ಒಂದು ದಿನ ಎಲ್ಮೊ ಕೂಡ ಕಾಸಿಗೂ ಬಾಳದ ಎಲೆ ಹಿಡಿದು ಬಿಲ್ಲೆ ತಳ್ಳಿ, ಸೋತು, ಕೆಮ್ಮು ಬರುವಷ್ಟು ನಕ್ಕ. ಅವನಿಗೆ ಕಾರಣ ಗೊತ್ತಿರಲಿಲ್ಲ. ಸುಮ್ಮನೆ ಆಡಬೇಕೆನಿಸಿತ್ತು. ಲೆಹುವಾ ನನ್ನ ಕಡೆ ನೋಡಿದಳು. ಅವಳಿಗೆ ಬೇಕಾಗಿದ್ದದ್ದು ಅದೇ.

ಅದಾಗಿ ಸ್ವಲ್ಪ ದಿನಕ್ಕೇ ಅವಳು ಹೋದಳು.

ಪಾರ್ಕಿನಲ್ಲಿ ಸೇರಿದೆವು, ನಮ್ಮವರ ಪದ್ಧತಿಯಂತೆ ಹೂಮಾಲೆ, ಹಾಡು, ಊಟ. ಎಲ್ಮೊ ಹುಲ್ಲಿನ ಮೇಲೆ ಸಿಲಿಂಡರು ಎಳೆದುಕೊಂಡು ಬಂದಿದ್ದ. ತಟ್ಟೆ ಹಿಡಿದು ನನ್ನ ಪಕ್ಕ ಕೂತ.

"ಪಾಪ, ಕೊನೇಲಿ ತಲೆ ಹೋಗಿತ್ತು," ಎಂದ. "ನಾವೂ ಬಿಡ್ಲಿಲ್ಲ, ಚೆನ್ನಾಗೇ ಕಿತ್ಕೊಂಡ್ವಿ."

ಅವಳ ಪಟಕ್ಕೆ ಹಾಕಿದ ಮಾಲೆ ಇನ್ನೂ ಬಾಡಿರಲಿಲ್ಲ. ಆ ಮಾತು ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಕರ್ಟಿಸ್ ಬಂದ ದಿನ, ಗಾಡಿಯಲ್ಲಿ ಕೇಳಿದ ಪ್ರಶ್ನೆ, ಹಿಲೋದ ದುಡ್ಡು, ಎಲ್ಲ.

ಎಲ್ಮೊ ತಟ್ಟೆ ಕೆಳಗಿಟ್ಟ. "ನನಗೋಸ್ಕರಾನಾ?"

"ನಮ್ಮೆಲ್ಲರಿಗೋಸ್ಕರ."

"ನಾನು ಕೇಳಿದ್ನಾ?" ಅವನು ಸಿಲಿಂಡರಿನ ಹಿಡಿಗೆ ಕೈ ಹಾಕಿದ. "ಕೇಳಿದ್ನಾ ನಾನು ಅವಳನ್ನ?" ಎದ್ದು ಹೋದ. ಸಿಲಿಂಡರಿನ ಚಕ್ರ ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ಹೋದರೆ ನನ್ನ ಕೈ ತಳ್ಳಿದ.

ಸೋಮವಾರ ಬೆಳಿಗ್ಗೆ ಎಲ್ಲರೂ ಬಂದಿದ್ದರು. ಎಲ್ಮೊ ಸುದ್ದಿ ಮುಟ್ಟಿಸಿದ್ದ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ಎಲೆ ಹಂಚಿದ ಕೂಡಲೇ ಅವನು ಬಿಲ್ಲೆ ತಳ್ಳಿದ. ಪಕ್ಕದವನು ತಳ್ಳಿದ. ಅದರ ಪಕ್ಕದವಳು ತಳ್ಳಿದಳು. ಯಾರೂ ಎಲೆ ಬಿಡಲಿಲ್ಲ. ಮೂರು, ಎರಡು, ಒಂಬತ್ತು, ಏನು ಬಂದರೂ ಸರಿ, ಸಾಲ ತೀರಿಸುವವರ ಹಾಗೆ ತಲೆ ತಗ್ಗಿಸಿ ತಳ್ಳುತ್ತಲೇ ಇದ್ದರು. ಅಷ್ಟು ದೊಡ್ಡ ರಾಶಿಗಳು ಆ ಮೇಜಿನಲ್ಲಿ ಎಂದೂ ಬಿದ್ದಿರಲಿಲ್ಲ. ಆದರೆ ಮೇಜಿನಲ್ಲಿ ನಗು ಇರಲಿಲ್ಲ. ಗೆದ್ದವರು ಬಿಲ್ಲೆಗಳನ್ನು ನಾಚುತ್ತಾ ಎಳೆದುಕೊಳ್ಳುತ್ತಿದ್ದರು.

ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಕುರ್ಚಿ ಖಾಲಿಯಿತ್ತು. ನಾನು ಅವರತ್ತ ನೋಡಿ ನಗಲು ಪ್ರಯತ್ನಿಸಿದೆ. ಅವರು ಮುಂದೆ ಹೋದರು.

ಹಾಗೆ ಕೆಲವು ದಿನ ನಡೆಯಿತು. ಹಾಗೆ ಆಡಿ ಯಾರಿಗೂ ಪೂರೈಸಲಿಲ್ಲ. ಪಿಂಚಣಿಯ ದುಡ್ಡು ತಾನೇ. ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ನಾನೂ ಅವಳ ಹಾಗೆ ಆಡಲು ನೋಡಿದೆ. ಕೆಟ್ಟ ಎಲೆ ಹಿಡಿದು ಎದುರಿನವರ ಮುಖ ನೋಡುತ್ತಿದ್ದೆ. ನನಗೆ ಏನೂ ಕಾಣುತ್ತಿರಲಿಲ್ಲ.

ಕರ್ಟಿಸ್ ಬಂದಾಗ ಮೇಜಿನಲ್ಲಿ ನಾನು, ಎಲ್ಮೊ, ಎಲೆ ಹಂಚುವವಳು ಇಷ್ಟೇ ಇದ್ದೆವು.

"ಆಂಟಿ, ನಾಳೆ ಮೆಷಿನ್ ಬರ್ತವೆ," ಎಂದ. ಅವನು ನನ್ನನ್ನು ಆಂಟಿ ಎಂದದ್ದು ಅದೇ ಮೊದಲು.

ಎಲ್ಮೊ ತನ್ನ ಬಿಲ್ಲೆಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಮೇಜಿನ ಹಸಿರು ಬಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿದ. "ನಾಳೆ ಬೆಳಿಗ್ಗೆ ಏನ್ ಮಾಡ್ತೀಯ?" ಎಂದು ಕೇಳಿದ.

"ಗೊತ್ತಿಲ್ಲ," ಎಂದೆ. "ನೀನು?"

ಅವನು ಸಿಲಿಂಡರು ಎಳೆದುಕೊಂಡು ಎದ್ದ. ನಳಿಕೆಯ ಸದ್ದು ಕೇಳುತ್ತಾ ಇಬ್ಬರೂ ಬಾಗಿಲವರೆಗೆ ಜತೆಯಲ್ಲಿ ನಡೆದೆವು. ಹೊರಗೆ ಬಿಸಿಲಿತ್ತು. ಅವನ ಬಸ್ಸು ಒಂದು ಕಡೆ, ನನ್ನ ಬಸ್ಸು ಇನ್ನೊಂದು ಕಡೆ.