ಕಂಬಕ್ಕೆ ಕಟ್ಟಿದ ಪಟ

ನಾನು ಕಟ್ಟಿದ ಗಾಳಿಪಟಗಳು ಮೇಲೇರುವುದಿರಲಿ, ಗಿರಗಿರ ಸುತ್ತಿ ಎದುರು ಮನೆಯ ತಾರಸಿಗೆ ಮುಗ್ಗರಿಸುತ್ತಿದ್ದವು. “ಹುಡುಗಿ ಪಟ, ಡ್ಯಾನ್ಸ್ ಮಾಡ್ತದೆ ಗುರು” ಎಂದು ಅಲ್ಲಿನ ಹುಡುಗರು ಹಲ್ಲು ಕಿಸಿಯುತ್ತಿದ್ದರು. ತೊಂಬತ್ತರ ದಶಕದ ಕೊನೆ, ನನಗೆ ಹನ್ನೊಂದು ವರ್ಷ. ಟಿನ್ ಫ್ಯಾಕ್ಟರಿಯ ಹಿಂದಿನ ಬೀದಿಯಲ್ಲಿ, ಮೊದಲ ಮಹಡಿಯ ಎರಡು ಬಾಡಿಗೆ ಕೋಣೆಗಳಲ್ಲಿ ನಾವಿದ್ದೆವು. ಮೇಲಿನ ತಾರಸಿ ನನ್ನದೆಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಆ ವರ್ಷ ಆಷಾಢಕ್ಕೆ ಅಕ್ಕ ತವರಿಗೆ ಬಂದಳು. ಮದುವೆಯಾದ ಮೊದಲ ಆಷಾಢದಲ್ಲಿ ಗಂಡ ಹೆಂಡತಿ ಒಟ್ಟಿಗಿರಬಾರದು, ಅಳಿಯ ಅತ್ತೆಮನೆಯ ಹೊಸ್ತಿಲು ದಾಟಬಾರದು ಎನ್ನುವುದು ನಮ್ಮವರ ಕಟ್ಟುಪಾಡು. ಆದರೆ ಅಕ್ಕನ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಮದುವೆ ಊಟದಲ್ಲಿ ಗಂಡಿನ ಸೋದರಮಾವನನ್ನು ಎರಡನೇ ಪಂಕ್ತಿಗೆ ಕೂರಿಸಿದರೆಂದು ಅವರ ಕಡೆಯವರು ಮುನಿಸಿಕೊಂಡಿದ್ದರು. ಅಪ್ಪ ಬಂದು ತಪ್ಪೊಪ್ಪಿಕೊಂಡರಷ್ಟೇ ಸೊಸೆಯನ್ನು ಕರೆದೊಯ್ಯುತ್ತೇವೆ ಎಂದು ಹೇಳಿ ಕಳಿಸಿದ್ದರು. ಅಪ್ಪನ ಮೂಗಿನ ತುದಿಯಲ್ಲೇ ಕೋಪ. “ಅವ್ರಾಗೇ ಬಂದು ಕರೀಬೇಕು. ಕರೀದೇ ನನ್ ಮಗಳು ಮೆಟ್ಲು ಇಳಿಯಲ್ಲ” ಎಂದುಬಿಟ್ಟರು. ಒಂದು ಎಲೆ ಊಟಕ್ಕಾಗಿ ಎರಡೂ ಕಡೆಯ ಗಂಡಸರು ಅಕ್ಕನನ್ನು ನಡುವೆ ನಿಲ್ಲಿಸಿ ಹಗ್ಗ ಜಗ್ಗಿದರು. ಅವಳು ಕೈಗೊಂದು ಕೆಲಸ ಬೇಕೆಂದು ನನ್ನ ಪಟಗಳನ್ನು ರಿಪೇರಿ ಮಾಡತೊಡಗಿದಳು.

ನನ್ನ ತಪ್ಪುಗಳನ್ನು ಅವಳು ಒಂದೇ ನೋಟಕ್ಕೆ ಹಿಡಿದಳು. ಬಾಗಿಸುವ ಪೊರಕೆಕಡ್ಡಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಪಟ ವಾಲದೆ ಏನು ಮಾಡೀತು? ಅವಳು ಕಡ್ಡಿಯನ್ನು ಬೆರಳ ಮೇಲೆ ತೂಗಿ, ದಪ್ಪ ಬದಿಯನ್ನು ಬ್ಲೇಡಿನಿಂದ ಹೆರೆದಳು. ಅನ್ನದ ಅಗುಳನ್ನು ತೆಳ್ಳಗೆ ಸವರಿ ಪೇಪರು ಅಂಟಿಸಿದಳು. ಸೂತ್ರದ ಗಂಟನ್ನು ನಡುವಿಗಿಂತ ತುಸು ಮೇಲೆ ಹಾಕಿ, ಗಂಟು ಹಿಡಿದು ತೂಗಾಡಿಸಿ ನೋಡಿದಳು. ಬಾಲಂಗೋಚಿಗೆ ತನ್ನ ಹಳೇ ಲಂಗದ ಅಂಚು ಹರಿದಳು. ಪಟ ಏರಿತು. ಏರಿದ್ದು ಅಲ್ಲೇ ನಿಂತಿತು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಾಗೆ. ಎದುರು ತಾರಸಿ ತೆಪ್ಪಗಾಯಿತು. ನಾನೇ ಕಟ್ಟಿದ್ದೆಂದು ಕೂಗಿ ಹೇಳಿದೆ. ಅಕ್ಕ ಅಲ್ಲಗಳೆಯಲಿಲ್ಲ.

ಆಷಾಢದ ಕೊನೆಯ ಭಾನುವಾರ ಅಪ್ಪ ಅಮ್ಮ, ಚಿಕ್ಕಮ್ಮನಿಗೆ ಹುಷಾರಿಲ್ಲವೆಂದು ಹಲಸೂರಿಗೆ ಹೋಗಿದ್ದರು. ದಾರ ಮುಗಿಯಿತೆಂದು, ಹಾರುತ್ತಿದ್ದ ಪಟವನ್ನು ಅಕ್ಕನ ಕೈಗೆ ಕೊಟ್ಟು ನಾನು ಕೆಳಗಿನ ಅಂಗಡಿಗೆ ಇಳಿದಿದ್ದೆ. ಗೇಟಿನ ಹೊರಗೆ ಭಾವ ನಿಂತಿದ್ದರು. ಬಸ್ಸಿನಲ್ಲಿ ನಿಂತು ಬಂದಿರಬೇಕು, ಅಂಗಿ ಬೆವರಿಗೆ ಅಂಟಿತ್ತು.

“ಒಳಗೆ ಬರೋ ಹಾಗಿಲ್ಲ. ಅಕ್ಕನ್ನ ಕರಿ, ಒಂದ್ ಮಾತು ಕೇಳ್ಬೇಕು” ಎಂದರು.

ಅವಳು ಹೋದರೆ ನನ್ನ ಪಟ ಮತ್ತೆ ಗಿರಕಿ ಹೊಡೆಯುತ್ತದೆ. ನನ್ನ ತಲೆಗೆ ಬಂದದ್ದು ಇಷ್ಟೇ, ಇದಕ್ಕಿಂತ ಎಳ್ಳಷ್ಟೂ ಹೆಚ್ಚಿಲ್ಲ.

“ಅಕ್ಕ ಹಲಸೂರಿಗೆ ಹೋಗಿದಾಳೆ. ನಿಮ್ಮನೆಗೆ ಬರಲ್ವಂತೆ. ನೀವು ಬಂದ್ರೂ ಹಂಗೇ ಹೇಳು ಅಂದಿದಾಳೆ.”

ಅವರು ತಲೆಯೆತ್ತಿ ನೋಡಿದರು. ತಾರಸಿಯ ಮೇಲೆ ಪಟ ಅಲುಗದೆ ನಿಂತಿತ್ತು. “ಮೇಲೆ ಪಟ ಹಿಡ್ಕೊಂಡಿರೋದು ಯಾರು?”

“ಯಾರೂ ಇಲ್ಲ. ನಾನೇ ಆ್ಯಂಟೆನಾ ಕಂಬಕ್ಕೆ ಕಟ್ಟಿ ಬಂದೆ.”

ಅಷ್ಟು ನೆಟ್ಟಗೆ ನಿಂತ ಪಟವನ್ನು ನೋಡಿದ ಯಾರಾದರೂ ನಂಬುತ್ತಿದ್ದರು. ಅವರೂ ನಂಬಿದರು. ಕೈಯಲ್ಲಿದ್ದ ಹೂವಿನ ಪೊಟ್ಟಣವನ್ನು ಜೇಬಿಗೆ ತುರುಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು.

ಮೇಲೆ ಹೋದಾಗ ಅಕ್ಕ ದಾರ ಹಿಡಿದು ನಿಂತಿದ್ದಳು. “ಯಾರೇ ಅದು?” ಎಂದಳು. “ಯಾರೋ ಅಡ್ರೆಸ್ ಕೇಳಿದ್ರು” ಎಂದೆ. ದಾರವನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದಳು. ಮಾರನೆಯ ದಿನದಿಂದ ಪಟ ಮುಟ್ಟಲಿಲ್ಲ, ತಲೆನೋವು ಎಂದಳು. ನನಗೆ ಮೈಯೆಲ್ಲ ಉರಿಯಿತು. ಇವಳನ್ನು ಉಳಿಸಿಕೊಂಡು ಏನು ಬಂತು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಶ್ರಾವಣದಲ್ಲಿ ಗಂಡನ ಮನೆಯಿಂದ ಅವಳ ಟ್ರಂಕು ವಾಪಸ್ಸು ಬಂತು. ಎರಡು ವರ್ಷದ ಮೇಲೆ ಭಾವನಿಗೆ ಬೇರೆ ಮದುವೆಯಾಯಿತು. ಅಕ್ಕ ಗಾರ್ಮೆಂಟ್ಸಿಗೆ ಸೇರಿ ಕಾಲರು ಹೊಲಿದಳು. ನನ್ನ ಕಾಲೇಜಿನ ಬಟ್ಟೆಗಳನ್ನೂ ಅವಳೇ ಹೊಲಿದಳು. ನಾನು ನಾಚಿಕೆಯಿಲ್ಲದೆ ತೊಟ್ಟೆ.

ಹತ್ತು ವರ್ಷದ ಮೇಲೆ ಆ ಮನೆ ಖಾಲಿ ಮಾಡುವ ದಿನ, ತಾರಸಿಯ ಹಗ್ಗದಿಂದ ಬಟ್ಟೆ ತೆಗೆಯುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ, ಹೊಡೆಯಲಿ, ನನ್ನ ಎದೆಯ ಭಾರ ಇಳಿದರೆ ಸಾಕೆಂಬ ಸ್ವಾರ್ಥ ಅದು. ಅಕ್ಕ ಕ್ಲಿಪ್ಪುಗಳನ್ನು ಬಕೆಟ್ಟಿಗೆ ಹಾಕುತ್ತಲೇ ಇದ್ದಳು.

“ಅವ್ರು ಬೀದಿಗೆ ತಿರುಗಿದಾಗ್ಲೇ ನೋಡಿದ್ದೆ. ದಾರ ಈ ಕಂಬಕ್ಕೆ ಕಟ್ಬಿಟ್ಟು, ತಲೆ ಸರಿ ಮಾಡ್ಕೊಂಡು, ಮೆಟ್ಲ ಹತ್ರ ಬಂದು ನಿಂತೆ. ಕರೀದೇ ಇಳೀಬಾರ್ದು ಅಂದಿದ್ರಲ್ಲ ಅಪ್ಪ. ನೀನು ಕರೀತೀಯ ಅಂತ ಕಾಯ್ತಿದ್ದೆ. ಅವ್ರು ತಿರುಗಿ ಹೋಗಿದ್ದು ನೋಡಿ, ವಾಪಸ್ ಬಂದು ದಾರ ಬಿಚ್ಚಿ ಹಿಡ್ಕೊಂಡೆ.”

ಪಟ ಕಂಬಕ್ಕೆ ಕಟ್ಟಿದೆಯೆಂಬ ನನ್ನ ಸುಳ್ಳು ನಾನು ಹೇಳುತ್ತಿದ್ದಾಗಲೇ ನಿಜವಾಗಿತ್ತು. “ಮತ್ತೆ ಆವತ್ತೇ ಯಾಕೆ ಕೇಳ್ಲಿಲ್ಲ? ಯಾರೋ ಅಡ್ರೆಸ್ ಕೇಳಿದ್ರು ಅಂತ ನಾನು ಸುಳ್ಳು ಹೇಳ್ದಾಗ?” ಎಂದೆ.

“ಕೇಳೋಣ ಅಂತಿದ್ದೆ” ಎಂದಳು ಅಕ್ಕ. “ನೀನು ಅಷ್ಟು ಖುಷಿಯಾಗಿ ನಗ್ತಾ ಬಂದೆ ಕಣೇ.”