ನೂರಾ ಹನ್ನೆರಡನೇ ಪುಟ

ಆ ಕಟ್ಟಡದಲ್ಲಿ ಅವಳನ್ನು ಎಲ್ಲರೂ ಲಿಫ್ಟಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತೆರಡು ತುಂಬದ ಹೆಂಗಸಿಗೆ ಆ ಹೆಸರು ಅಪ್ಪನ ಕಡೆಯಿಂದ ಬಂದದ್ದು. ಅವಳಿಗಿಂತ ಮುಂಚೆ ಅದೇ ಮರದ ಸ್ಟೂಲಿನ ಮೇಲೆ ಇಪ್ಪತ್ತಾರು ವರ್ಷ ಕೂತಿದ್ದವನು ಅವಳ ಅಪ್ಪ. ಅವನನ್ನು ಲಿಫ್ಟಪ್ಪ ಎನ್ನುತ್ತಿದ್ದರು. ಅವನು ತೀರಿಕೊಂಡ ಮೇಲೆ ಸ್ಟೂಲು ಮಗಳಿಗೆ ಬಂತು, ಹೆಸರೂ ಜೊತೆಗೆ ಬಂತು.

ಲಿಫ್ಟು ಹಳೆಯದು. ಗುಂಡಿ ಒತ್ತಿದರೆ ತಾನಾಗಿ ಹೋಗುವ ಜಾತಿಯದಲ್ಲ. ಕಬ್ಬಿಣದ ಜಾಲರಿ ಬಾಗಿಲನ್ನು ಕೈಯಿಂದ ಎಳೆದು ಮುಚ್ಚಬೇಕು. ಗೋಡೆಗಿರುವ ಹಿತ್ತಾಳೆ ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ, ಬಿಟ್ಟರೆ ನಿಂತುಬಿಡುತ್ತದೆ. ಆ ನಿಲ್ಲಿಸುವುದರಲ್ಲೇ ಇರುವುದು ವಿದ್ಯೆ. ಒಳಗಿರುವವರ ಭಾರ ಅಂದಾಜು ಮಾಡಿ, ಮಹಡಿ ಬರುವ ಗೇಣು ಮೊದಲೇ ಕೈ ಸಡಿಲಿಸಬೇಕು. ಇಲ್ಲದಿದ್ದರೆ ಲಿಫ್ಟಿನ ನೆಲ ಒಂದು ಮಟ್ಟ, ಮಹಡಿಯ ನೆಲ ಇನ್ನೊಂದು ಮಟ್ಟ. ಹಾಗಾಗಿ ಲಿಫ್ಟಮ್ಮ ಹತ್ತುವವರ ಮುಖಕ್ಕಿಂತ ಮೊದಲು ಮೈಕಟ್ಟು ನೋಡುತ್ತಿದ್ದಳು. ಅದು ಕೆಟ್ಟ ಬುದ್ಧಿಯಲ್ಲ, ಕಸುಬು.

ಸ್ಟೂಲಿನ ಮೇಲೆ ಕೂತು ಕಾಲು ಚಾಚಿದರೆ ಎದುರಿನ ಹಲಗೆಗೆ ತಗಲುತ್ತಿತ್ತು. ಕಿಟಕಿಯಿಲ್ಲ. ಜಾಲರಿಯ ಆಚೆ ಸುಣ್ಣ ಕಾಣದ ಇಟ್ಟಿಗೆ ಗೋಡೆ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಅಷ್ಟೇ. ಪ್ರತಿ ಮಹಡಿಗೂ ಒಂದು ಗೇಣು ಕೆಳಗೆ ಅಪ್ಪ ಎಂದೋ ಎಳೆದ ಬಿಳಿ ಗೆರೆಯೊಂದಿತ್ತು, ಕೈ ಬಿಡುವ ಗುರುತಿಗೆ. ಸಂಜೆ ಇಲ್ಲಿಂದ ಬಿಡುಗಡೆಯಾದರೆ ಮನೆ: ಒಂದು ಕೋಣೆ, ಒಂದು ಅಡುಗೆಮನೆ. ಏಣಿಯಿಂದ ಬಿದ್ದು ಬಲತೋಳು ಹೆಗಲಿಗಿಂತ ಮೇಲೆ ಏಳದ, ಹಾಗಾಗಿ ಬಣ್ಣ ಬಳಿಯುವ ಕೆಲಸ ಬಿಟ್ಟ ಗಂಡ. ಅವನ ಬದಲು ತಾನೇ ಬಿದ್ದಂತೆ ನರಳುವ ಅತ್ತೆ. ಆರು ವರ್ಷದ ಮಗಳು. ಮಗಳನ್ನು ತಬ್ಬಿಕೊಂಡು ಮಲಗಿದರೆ ಹೊರಳಲು ಜಾಗವಿಲ್ಲ. ಬೆಳಗಾದರೆ ಮತ್ತೆ ಆ ಪೆಟ್ಟಿಗೆಯಿಂದ ಈ ಪೆಟ್ಟಿಗೆಗೆ.

ನಾಲ್ಕನೇ ಮಹಡಿಯಲ್ಲಿ ಲೈಬ್ರರಿ. ಅಲ್ಲಿ ಬುಧವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಕೂಡಿ ಓದುವ ಗುಂಪು ಸೇರುತ್ತಿತ್ತು. ಹನ್ನೊಂದು ಜನ, ಒಂದೇ ಪುಸ್ತಕ. ಒಬ್ಬೊಬ್ಬರು ಒಂದು ಪುಟ ಗಟ್ಟಿಯಾಗಿ ಓದಿ ಮುಂದಿನವರಿಗೆ ದಾಟಿಸುವುದು. ಲೈಬ್ರರಿಯವರು ಪ್ರತಿಯೊಬ್ಬರಿಗೂ ಅವರವರ ಪುಟದ ಸಂಖ್ಯೆ ಬರೆದ ಚೀಟಿ ಕೊಡುತ್ತಿದ್ದರು. ಒಬ್ಬರು ಬರದಿದ್ದರೆ ಅವರ ಪುಟಕ್ಕೆ ಬಂದಾಗ ಎಲ್ಲರಿಗೂ ಅವರ ನೆನಪಾಗುತ್ತಿತ್ತು, ಮರುದಿನ ಯಾರಾದರೂ ಮನೆಗೆ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದರು.

ಹನ್ನೊಂದರಲ್ಲಿ ಹೆಚ್ಚಿನವರು ಮೆಟ್ಟಿಲು ಹತ್ತಲಾರದವರು. ಮಂಡಿ ಸವೆದ, ನಿವೃತ್ತ ಶಾಲಾ ಮೇಡಂ ಗುಂಪಿಗೆ ಯಜಮಾನಿ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ಈಗ ಓಡಿಸಲು ಏನೂ ಇಲ್ಲದ ಡ್ರೈವರಣ್ಣ ಗುಂಪಿನ ಬಾಯಿ. ಇವರನ್ನೆಲ್ಲ ಮೂರು ಸಲಕ್ಕೆ ಮೇಲೆ ಮುಟ್ಟಿಸಿ, ನಾಲ್ಕಕ್ಕೆ ಮೂರು ಸಲಕ್ಕೆ ಕೆಳಗಿಳಿಸುವುದು ಲಿಫ್ಟಮ್ಮನ ಪಾಲು. ಹಾಗಾಗಿ ಅವಳಿಗೆ ಕಥೆ ಮಹಡಿಗಳ ನಡುವೆ ಸಿಗುತ್ತಿತ್ತು. ಹೋಗುವಾಗ ಹೋದ ವಾರದ್ದು, ಬರುವಾಗ ಈ ವಾರದ್ದು. ನಡುವಿನ ಒಂದು ಗಂಟೆಯನ್ನು ಅವಳು ಸ್ಟೂಲಿನ ಮೇಲೆ ಕೂತು ತಾನೇ ತುಂಬಿಕೊಳ್ಳುತ್ತಿದ್ದಳು.

ಆ ಮಳೆಗಾಲದಲ್ಲಿ ಅವರು ಓದುತ್ತಿದ್ದದ್ದು ಒಂದು ದೊಡ್ಡ ಕುಟುಂಬದ ಕಾದಂಬರಿ. ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಪೆಟ್ಟಿಗೆಯ ಬೀಗದ ಕೈ ಕಾಣೆಯಾಗಿದೆ, ಮೂವರು ಸೊಸೆಯರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸುತ್ತಿದ್ದಾರೆ. ಇಳಿಯುವಾಗ ಡ್ರೈವರಣ್ಣ ಕಿರಿಸೊಸೆಯೇ ಕಳ್ಳಿ ಎಂದು ವಾದಿಸುತ್ತಿದ್ದ. ಲಿಫ್ಟಮ್ಮ ಹಿಡಿ ತಿರುಗಿಸುತ್ತಲೇ, ಅಲ್ಲ ಅಣ್ಣ, ಅದು ಅತ್ತೆಯ ಹತ್ತಿರವೇ ಇದೆ, ತಲೆದಿಂಬಿನೊಳಗೆ ಹೊಲಿದುಕೊಂಡಿದ್ದಾಳೆ ಎಂದಳು. ಹೇಗೆ ಗೊತ್ತು ಎಂದರೆ, ದಿಂಬು ಬದಲಾಯಿಸಲು ಬಿಡುವುದಿಲ್ಲ ಎಂದು ಹೋದ ವಾರ ನೀವೇ ಹೇಳಿದಿರಲ್ಲ ಎಂದಳು. ಎರಡು ವಾರ ಕಳೆದ ಮೇಲೆ ದಿಂಬು ಹರಿದು ಬೀಗದ ಕೈ ಉದುರಿತು. ಅಂದು ಕೆಳಗಿಳಿದ ಮೇಡಂ ಅಲ್ಲೇ ನಿಂತು ಅವಳನ್ನು ಹೊಸದಾಗಿ ನೋಡಿದರು.

ಮುಂದಿನ ಬುಧವಾರ ಲೈಬ್ರರಿಯವರು ಅವಳ ಕೈಗೂ ಒಂದು ಚೀಟಿ ಇಟ್ಟರು. ಪುಟ ೧೧೨. ಸರದಿ ಬರುವುದು ಇನ್ನು ನಾಲ್ಕು ವಾರಕ್ಕೆ.

ಅವಳು ಓದು ಬಿಟ್ಟದ್ದು ಒಂಬತ್ತನೇ ತರಗತಿಗೆ. ಆ ಪುಟವನ್ನು ಲೈಬ್ರರಿಯವರಿಂದ ಪಡೆದು ಕೈಯಲ್ಲಿ ಬರೆದುಕೊಂಡು ಹೋದಳು. ಅನ್ನ ಬೇಯುವ ಹೊತ್ತಿನಲ್ಲಿ ಮಗಳ ಮುಂದೆ ಓದಿದಳು. ಮಗಳು ಮೂರನೇ ದಿನಕ್ಕೆ ಬಾಯಿಪಾಠ ಮಾಡಿಕೊಂಡು ಅಮ್ಮ ತೊದಲಿದಲ್ಲಿ ತಾನೇ ಎತ್ತಿ ಕೊಡುತ್ತಿತ್ತು. ಅತ್ತೆಗೂ ಬೀಗದ ಕೈಯ ರುಚಿ ಹತ್ತಿತು. ನರಳುವುದನ್ನು ನಿಲ್ಲಿಸಿ, ಆಮೇಲೇನಾಯ್ತಂತೆ ಎನ್ನತೊಡಗಿದಳು. ಲಿಫ್ಟಿನ ಬಾಗಿಲಿನಿಂದ ಓದುವ ಕೋಣೆಯ ಖಾಲಿ ಕುರ್ಚಿಯವರೆಗೆ ಹತ್ತೊಂಬತ್ತು ಹೆಜ್ಜೆ ಎಂದು ಎಣಿಸಿಯೂ ಬಂದಿದ್ದಳು.

ಅಷ್ಟು ಹೆಜ್ಜೆ ಇಡುವಾಗ ಲಿಫ್ಟು ಯಾರ ಕೈಯಲ್ಲಿರಬೇಕು? ಅದಕ್ಕೆ ಡ್ರೈವರಣ್ಣ ಇದ್ದನಲ್ಲ. ಮೂವತ್ತೊಂದು ವರ್ಷ ಚಕ್ರ ತಿರುಗಿಸಿದವನಿಗೆ ಇದು ಯಾವ ಲೆಕ್ಕ ಎಂದು ನಾಲ್ಕು ಸಲ ಹಿಡಿ ಹಿಡಿದು ಕಲಿತಿದ್ದ. ಮೂರು ಸಲ ಸರಿಯಾಯಿತು. ನಾಲ್ಕನೆಯ ಸಲ ಅಪ್ಪನ ಗೆರೆಯನ್ನು ದಾಟಿ ನಿಲ್ಲಿಸಿದ. ಲಿಫ್ಟಿನ ನೆಲ ಅಂಗೈಯಗಲ ಮೇಲೆ ನಿಂತಿತು. ಇಳಿಯಹೋದ ಮೇಡಂ ಮುಗ್ಗರಿಸಿ ಮಂಡಿಯೂರಿದರು. ಎದ್ದವರೇ ನಗುತ್ತಾ ಸೆರಗು ಸರಿಮಾಡಿಕೊಂಡು, ಇದು ಯಾರ ಕಿವಿಗೂ ಬೀಳಬಾರದು, ಪಾಪ, ಅವನಿಗೆ ಅವಮಾನ ಎಂದರು. ಹೇಳುವುದಿಲ್ಲ ಮೇಡಂ ಎಂದು ಲಿಫ್ಟಮ್ಮ ಮಾತು ಕೊಟ್ಟಳು.

ಆಮೇಲೆ ಗುಂಪಿನವರು ಓದುವವರಷ್ಟೇ ಮಾಡಬಲ್ಲ ತಪ್ಪೊಂದನ್ನು ಮಾಡಿದರು. ಒಂದು ಒಳ್ಳೆಯ ಪತ್ರ ಬರೆದರು.

ಕಟ್ಟಡದ ಮ್ಯಾನೇಜರಿಗೆ ಎರಡು ಪುಟದ ಮನವಿ. ಬುಧವಾರ ಒಂದು ಗಂಟೆ ಲಿಫ್ಟಮ್ಮನಿಗೆ ಬಿಡುವು ಕೊಡಬೇಕು. ಆ ಹೊತ್ತು ನಾವೇ ಲಿಫ್ಟು ನಡೆಸಿಕೊಳ್ಳುತ್ತೇವೆ. ನಮ್ಮಲ್ಲಿ ಅನುಭವಿ ಚಾಲಕರಿದ್ದಾರೆ. ವಯಸ್ಸಾದವರಾದರೂ ನಾವು ಅಸಹಾಯಕರಲ್ಲ. ಮೇಡಂ ಅಕ್ಷರ ಮುತ್ತು ಪೋಣಿಸಿದಂತಿತ್ತು. ಹನ್ನೊಂದು ಸಹಿ.

ಮ್ಯಾನೇಜರು ಅವಳನ್ನು ಕರೆಸಿದರು. ಕೆಟ್ಟವರೇನಲ್ಲ, ಕುರ್ಚಿ ತೋರಿಸಿ ಕೂರಲು ಹೇಳಿದರು. ಪತ್ರ ಬಹಳ ಚೆನ್ನಾಗಿದೆ ಎಂದೂ ಹೇಳಿದರು. ಆಮೇಲೆ ಇನ್ನೊಂದು ಫೈಲು ತೆಗೆದರು. ಗುಂಡಿ ಒತ್ತುವ ಹೊಸ ಲಿಫ್ಟು ಹಾಕಿಸಿ ಎಂದು ಎರಡು ವರ್ಷದಿಂದ ಮೇಲಧಿಕಾರಿಗಳು ಕೇಳುತ್ತಿದ್ದರಂತೆ. ಇಲ್ಲಿಗೆ ಬರುವವರು ವಯಸ್ಸಾದವರು, ಜೊತೆಗೊಬ್ಬರು ಇಲ್ಲದೆ ಆಗುವುದಿಲ್ಲ ಎಂದು ಮ್ಯಾನೇಜರೇ ಬರೆದು ತಡೆದಿದ್ದರಂತೆ.

"ಈಗ ಅವರೇ ಬರ್ಕೊಟ್ಟಿದಾರಲ್ಲಮ್ಮ, ನಾವು ಅಸಹಾಯಕರಲ್ಲ ಅಂತ. ನಾನು ಏನಂತ ತಡೀಲಿ? ಒಂದು ಗಂಟೆ ಆಗುತ್ತೆ ಅಂದ್ರೆ ಎಂಟು ಗಂಟೆ ಯಾಕಾಗಲ್ಲ ಅಂತಾರೆ."

ಹೊಸ ಲಿಫ್ಟು ಬಂದರೆ ಸ್ಟೂಲು ಇರುವುದಿಲ್ಲ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಗುಂಪಿನವರಿಂದ ಆಗುವುದಿಲ್ಲ ಎನ್ನುವುದಕ್ಕೆ ಏನಾದರೂ ಆಧಾರವಿದ್ದರೆ ನೀನೇ ಎರಡು ಸಾಲು ಬರೆದುಕೊಡು ಎಂದು ಬಿಳಿ ಹಾಳೆ ಮುಂದಿಟ್ಟರು.

ಹಾಳೆಯನ್ನು ಮಡಚಿ ಮನೆಗೆ ತಂದಳು. ಗಂಡನಿಗೆ ಹೇಳಿದಾಗ ಅವನು ತನ್ನ ಬಲತೋಳನ್ನೇ ನೋಡಿಕೊಂಡು, ನಿನ್ನಿಷ್ಟ ಎಂದ. ಆ ಮಾತು ಕೇಳಿ ಅವಳಿಗೆ ನಗು ಬಂತು. ಇಷ್ಟ ಎನ್ನುವುದು ಎಲ್ಲಿತ್ತು? ಚೀಟಿಯ ಪುಟ ಬೇಕೆಂದರೆ ಸ್ಟೂಲು ಹೋಗುತ್ತದೆ, ಸ್ಟೂಲು ಬೇಕೆಂದರೆ ಪುಟ ಹೋಗುತ್ತದೆ. ಯಾವ ಕಡೆ ಹಿಡಿ ತಿರುಗಿಸಿದರೂ ಅದೇ ಇಟ್ಟಿಗೆ ಗೋಡೆ. ಮಗಳು ಪಕ್ಕದಲ್ಲಿ ಕೂತು, ಅಮ್ಮ ಇವತ್ತು ಓದಲ್ವಾ ಎಂದಿತು. ಇವತ್ತು ಬರೆಯುವುದಿದೆ ಎಂದಳು.

ಬರೆದಳು. ಇಂಥ ದಿನ, ಇಂಥ ಹೊತ್ತಿನಲ್ಲಿ, ಬೇರೆಯವರು ನಡೆಸಿದಾಗ ಲಿಫ್ಟು ಮಟ್ಟಕ್ಕೆ ನಿಲ್ಲದೆ, ವಯಸ್ಸಾದ ಮೇಡಂ ಬಿದ್ದರು. ಒಂದೂ ಸುಳ್ಳಿರಲಿಲ್ಲ. ಮರುದಿನ ಮ್ಯಾನೇಜರಿಗೆ ಕೊಟ್ಟಳು, ಅದನ್ನೇ ತೋರಿಸಿ ಅವರು ಗುಂಪಿನ ಮನವಿಯನ್ನು ತಳ್ಳಿಹಾಕಿದರು.

ಎರಡೇ ದಿನದಲ್ಲಿ ಲಿಫ್ಟಿನೊಳಗೆ, ಸ್ಟೂಲಿಗೆ ಸರಿಯಾಗಿ ಎದುರಿಗೆ, ನೋಟೀಸು ಅಂಟಿತು. ನಡೆಸುವವರ ಹೊರತು ಯಾರೂ ಹಿಡಿ ಮುಟ್ಟಕೂಡದು. ಕೆಲಸದ ಹೊತ್ತಿನಲ್ಲಿ ನಡೆಸುವವರು ಲಿಫ್ಟು ಬಿಟ್ಟು ಹೊರಗೆ ಹೋಗಕೂಡದು. ದಿನಕ್ಕೆ ಎಂಟು ಗಂಟೆ ಅವಳು ತನ್ನ ಕೈಯಾರೆ ತರಿಸಿಕೊಂಡ ಆ ಎರಡು ಸಾಲನ್ನು ನೋಡುತ್ತಾ ಮೇಲೆ ಹೋದಳು, ಕೆಳಗೆ ಬಂದಳು. ಬಾಗಿಲನ್ನು ದಿನಕ್ಕೆ ನೂರು ಸಲ ಎಳೆಯುತ್ತಿದ್ದವಳು. ಈಗ ಪ್ರತಿ ಸಲವೂ ಅದು ತನ್ನ ಮೇಲೆಯೇ ಮುಚ್ಚಿಕೊಂಡಂತಾಗುತ್ತಿತ್ತು.

ಚೀಟಿಯ ಬುಧವಾರ ಬಂತು. ಮೂರಕ್ಕೆ ಹತ್ತು ನಿಮಿಷವಿದ್ದಾಗ ಡ್ರೈವರಣ್ಣ ಬಂದ. ಲಿಫ್ಟಿನ ಕಡೆ ನೋಡಲಿಲ್ಲ. ಕಂಬಿ ಹಿಡಿದು ಮೆಟ್ಟಿಲು ಹತ್ತಿದ. ಪ್ರತಿ ಮಹಡಿಯಲ್ಲೂ ಅವನು ಏದುಸಿರು ಬಿಡುವುದು ಜಾಲರಿಯೊಳಗೆ ಕೂತವಳಿಗೆ ಕೇಳುತ್ತಿತ್ತು. ಉಳಿದವರು ಲಿಫ್ಟಿನಲ್ಲೇ ಬಂದರು, ಆದರೆ ಬೀಗದ ಕೈಯ ಮಾತು ಯಾರೂ ಎತ್ತಲಿಲ್ಲ. ಕೊನೆಗೆ ಮೇಡಂ ಒಬ್ಬರೇ ಕೋಲೂರಿಕೊಂಡು ಹತ್ತಿದರು.

ಒಂದನೇ ಮಹಡಿ ದಾಟಿತು.

"ನಾನು ಬಿದ್ದಿದ್ದು ಬರ್ಕೊಟ್ಯಂತೆ."

"ಹೂಂ ಮೇಡಂ."

"ಯಾರಿಗೂ ಹೇಳಲ್ಲ ಅಂದಿದ್ದೆ."

"ಅಂದಿದ್ದೆ."

ಎರಡನೇ ಮಹಡಿ ಕೆಳಗೆ ಹೋಯಿತು. ಮೇಡಂ ನೋಟೀಸನ್ನು ಮೊದಲಿಂದ ಕೊನೆಯವರೆಗೆ ಓದಿದರು, ಅಭ್ಯಾಸಬಲದಿಂದ ತಪ್ಪು ಹುಡುಕುವವರಂತೆ.

"ನಮ್ಮ ಪತ್ರಾನ ಮೂರು ಸಲ ತಿದ್ದಿದ್ದೆ ಕಣಮ್ಮ. ಒಂದು ತಪ್ಪೂ ಇರ್ಲಿಲ್ಲ. ಹನ್ನೊಂದು ಜನರನ್ನ ಸಹಿ ಕೇಳ್ದೆ. ನಿನ್ನನ್ನ ಮಾತ್ರ ಕೇಳ್ಲೇ ಇಲ್ಲ."

ಬಿಳಿ ಗೆರೆ ಬಂತು, ಲಿಫ್ಟಮ್ಮ ಕೈ ಸಡಿಲಿಸಿದಳು. ಲಿಫ್ಟಿನ ನೆಲ ಮತ್ತು ಮಹಡಿಯ ನೆಲ ಒಂದಾಗಿ ನಿಂತವು. ಮೇಡಂ ಕೋಲಿನಿಂದ ಆ ಸಂದನ್ನು ಒಮ್ಮೆ ತಟ್ಟಿ ನೋಡಿ ಇಳಿದು ಹೋದರು.

ಮೂರೂವರೆಗೆ ನಾಲ್ಕನೇ ಮಹಡಿಯಿಂದ ಲಿಫ್ಟು ಕರೆಯುವ ಗಂಟೆ ಹೊಡೆಯಿತು. ಯಾರೋ ಬೇಗ ಹೊರಟಿರಬೇಕು ಎಂದುಕೊಂಡು ಮೇಲೆ ಹೋದಳು. ಬಾಗಿಲು ಸರಿಸಿದರೆ ಎದುರಿಗೆ ಹನ್ನೊಂದು ಕುರ್ಚಿಗಳು ಅರ್ಧ ವೃತ್ತವಾಗಿ ಕೂತಿದ್ದವು, ಕುರ್ಚಿಗಳ ಮೇಲೆ ಹನ್ನೊಂದು ಜನ. ಡ್ರೈವರಣ್ಣ ತುದಿಯಲ್ಲಿ, ಮುಖ ಗೋಡೆಯ ಕಡೆಗೆ.

ಲೈಬ್ರರಿಯವರು ತೆರೆದ ಪುಸ್ತಕವನ್ನು ಜಾಲರಿಯೊಳಗೆ ಚಾಚಿ, "ನೀವು ಹೊರಗೆ ಬರಬಾರ್ದು ಅಂತ ತಾನೇ ಇರೋದು? ಕುರ್ಚಿ ಬರಬಾರ್ದು ಅಂತಿಲ್ವಲ್ಲ. ಓದಿ, ನೂರಾ ಹನ್ನೆರಡು" ಎಂದರು.

ಬಾಗಿಲು ತಾನಾಗಿ ಜಾರದಂತೆ ಕಾಲು ಅಡ್ಡ ಕೊಟ್ಟು, ಸ್ಟೂಲಿನ ಮೇಲೆ ಕೂತೇ ಓದತೊಡಗಿದಳು. ಬೀಗದ ಕೈ ಸಿಕ್ಕಿ, ಪೆಟ್ಟಿಗೆ ಅಂಗಳಕ್ಕೆ ಬಂದು, ಮೂವರು ಸೊಸೆಯರೂ ಸುತ್ತ ಕೂತ ಪುಟ ಅದು. ಮಗಳು ಎತ್ತಿ ಕೊಡುತ್ತಿದ್ದ ಜಾಗದಲ್ಲಿ ಅವಳು ತೊದಲಲಿಲ್ಲ. ಹಿರಿಸೊಸೆ ಮುಚ್ಚಳಕ್ಕೆ ಕೈ ಹಾಕಿ, ಉಸಿರು ಬಿಗಿಹಿಡಿದು, ಅದನ್ನು ಎತ್ತಿ...

ಕೆಳಗಿನಿಂದ ಗಂಟೆ ಹೊಡೆಯಿತು.

ಗಂಟೆ ಮತ್ತೆ ಹೊಡೆಯಿತು, ಈ ಸಲ ಉದ್ದಕ್ಕೆ. ಲಿಫ್ಟಮ್ಮ ಕಾಲು ತೆಗೆದು ಬಾಗಿಲು ಎಳೆದಳು. ಪುಸ್ತಕ ಅವಳ ಕೈಯಲ್ಲೇ ಉಳಿದಿತ್ತು. ಡ್ರೈವರಣ್ಣ ಗೋಡೆಯಿಂದ ಮುಖ ತಿರುಗಿಸಿದ.

"ಹೋಗ್ಬಾ ತಂಗಿ. ಗೇಣು ಮೊದ್ಲೇ ಕೈ ಬಿಡು, ನನ್ನ ಥರ ಮಾಡ್ಬೇಡ."

ಹಿಡಿ ಎಡಕ್ಕೆ ತಿರುಗಿತು. ಅವರ ಕಾಲುಗಳು, ಕುರ್ಚಿಯ ಕಾಲುಗಳು, ಮೇಡಂ ಕೋಲಿನ ತುದಿ ಒಂದೊಂದಾಗಿ ಮೇಲೆ ಸರಿದು ಇಟ್ಟಿಗೆ ಗೋಡೆ ಬಂತು. ಕೆಳಗೆ ಇಬ್ಬರು ದೊಡ್ಡದೊಂದು ಬೀರು ಹೊತ್ತು ನಿಂತಿದ್ದರು, ಎರಡನೇ ಮಹಡಿಗಂತೆ. ಭಾರ ನೋಡಿದಳು, ಗೇಣಲ್ಲ, ಒಂದೂವರೆ ಗೇಣು ಮೊದಲೇ ಬಿಡಬೇಕು. ಬೀರು ಒಳಗೆ ಬಂದ ಮೇಲೆ ಅವಳಿಗೆ ಉಳಿದದ್ದು ನಿಲ್ಲುವಷ್ಟು ಜಾಗ. ಬೆನ್ನು ನೋಟೀಸಿಗೆ ಒತ್ತಿತು. ಎಡಗೈಯ ತೋರುಬೆರಳು ಪುಟದ ನಡುವೆ, ಬಲಗೈ ಹಿಡಿಯ ಮೇಲೆ.

ಅವರು ಬೀರು ಇಳಿಸುತ್ತಿರುವಾಗಲೇ ಒಂದನೇ ಮಹಡಿಯ ಗಂಟೆ ಹೊಡೆಯಿತು.

ಅವಳು ತಲೆಯೆತ್ತಿ ಕಿವಿಗೊಟ್ಟಳು. ಮೇಲೆ ಯಾರೋ ಕೆಮ್ಮಿದರು, ಒಂದು ಕುರ್ಚಿ ಕಿರುಗುಟ್ಟಿತು. ಯಾರೂ ಎದ್ದು ಹೋಗಿರಲಿಲ್ಲ, ಉಳಿದರ್ಧ ಪುಟಕ್ಕೆ ಕಾಯುತ್ತಿದ್ದರು. ಮುಚ್ಚಳ ಹಾಗೇ ಹಿರಿಸೊಸೆಯ ಕೈಯಲ್ಲಿತ್ತು. ಲಿಫ್ಟಮ್ಮ ಬಾಗಿಲು ಎಳೆದುಕೊಂಡು ಕೆಳಗಿಳಿದಳು.