ಸೊಸೆಗೆ ನಿಂತ ಜಾಮೀನು

ಸಂಧ್ಯಾವಂದನೆಗೆ ಕುಳಿತಾಗ ನನ್ನ ಕೈ ಇಂದಿಗೂ ತಾಮ್ರದ ಪಂಚಪಾತ್ರೆಯನ್ನು ಹುಡುಕುತ್ತದೆ. ತಂದೆಯವರಿಂದ ಬಂದ ಆ ಪಾತ್ರೆ ಈಗ ಪೊಲೀಸರ ವಶದಲ್ಲಿದೆ. ಒಂದು ಶನಿವಾರ ಬೆಳಿಗ್ಗೆ, ಪೂಜಾಪಾತ್ರೆಗಳನ್ನು ತೊಳೆಯುತ್ತ ನಿಂತಿದ್ದ ಸೊಸೆ, ಮಾತಿಗೆ ಮಾತು ಬೆಳೆದು, ಅದನ್ನೆತ್ತಿ ನನ್ನ ಮಗನತ್ತ ಎಸೆದಳು. ಅವನ ಹುಬ್ಬು ಸೀಳಿತು.

ಕೆನಡಾದ ಮಾರ್ಕಮ್‌ನ ಆ ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು ಮತ್ತು ಪತ್ನಿಯನ್ನು ಕಳೆದುಕೊಂಡ ನಾನು ಒಟ್ಟಿಗೆ ಇದ್ದೆವು. ರಕ್ತ ನಿಲ್ಲದಿದ್ದಾಗ ಮಗನೇ ಆಂಬುಲೆನ್ಸಿಗೆ ಫೋನ್ ಮಾಡಿದ. ಅದರ ಬೆನ್ನಿಗೇ ಪೊಲೀಸರು ಬಂದರು. ಹೇಗಾಯಿತೆಂದು ಕೇಳಿದಾಗ ಸೊಸೆ ಮರೆಮಾಚದೆ ‘ನಾನೇ ಎಸೆದೆ’ ಎಂದಳು. ತನ್ನದೇನೂ ದೂರಿಲ್ಲವೆಂದು ಮಗ ಪರಿಪರಿಯಾಗಿ ಬೇಡಿಕೊಂಡ. ಇಂಥ ಪ್ರಕರಣವನ್ನು ನಡೆಸುವುದು, ಬಿಡುವುದು ಸರ್ಕಾರಕ್ಕೆ ಸೇರಿದ್ದು, ಗಂಡನಿಗಲ್ಲ ಎಂದು ಅವರು ವಿನಯದಿಂದಲೇ ತಿಳಿಸಿ, ಅವಳ ಕೈಗೆ ಕೋಳ ತೊಡಿಸಿದರು. ಪಾತ್ರೆಯನ್ನು ಚೀಲವೊಂದರಲ್ಲಿಟ್ಟು ಮೊಹರು ಮಾಡಿದರು. ನಾನು ಪ್ರತಿದಿನ ಆಚಮನ ಮಾಡುತ್ತಿದ್ದ ಪಾತ್ರೆ ಅವರ ದಾಖಲೆಯಲ್ಲಿ ಆಯುಧವಾಯಿತು.

ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದ ಮಗ ಫೋನಿನಲ್ಲಿ ಜಾಮೀನು ಕೊಡಿಸುವವರನ್ನು ಹುಡುಕತೊಡಗಿದ.

“ಅಪ್ಪ, ಇದಕ್ಕೇ ಕಂಪನಿಗಳಿರ್ತಾವೆ. ಫೀಸ್ ಕೊಟ್ರೆ ಅವ್ರೇ ಬಾಂಡ್ ಹಾಕ್ತಾರೆ. ಕಾರ್ಡಲ್ಲೇ ಪೇ ಮಾಡ್ಬಹುದು.”

ಸಿಕ್ಕಿದ ಅಂಗಡಿಗಳೆಲ್ಲ ಅಮೆರಿಕದವು. ನನಗೆ ನಮ್ಮೂರಿನ ಕೋರ್ಟಿನ ಹೊಂಗೆಮರದ ನೆರಳು ನೆನಪಾಯಿತು. ಅಲ್ಲಿ ಯಾರದೋ ಪಹಣಿ ಹಿಡಿದು, ಮುಖಪರಿಚಯವಿಲ್ಲದವರಿಗೂ ಜಾಮೀನು ನಿಲ್ಲುವ ಕಸುಬಿನವರು ಬೀಡಿ ಸೇದುತ್ತ ಕುಳಿತಿರುತ್ತಿದ್ದರು. ಇಲ್ಲಿಯೂ ಅಂಥವರು ಇರಬಹುದೆಂದು ನಾನೂ ನಂಬಿದ್ದೆ. ಕೋರ್ಟಿನ ಉಚಿತ ವಕೀಲೆ, ಪಂಜಾಬಿನ ಕಡೆಯ ಹೆಣ್ಣುಮಗಳು, ಫೋನಿನಲ್ಲಿ ಆ ಭ್ರಮೆಯನ್ನು ಬಿಡಿಸಿದಳು. ಹಿಂದಿ, ಇಂಗ್ಲಿಷ್ ಬೆರೆಸಿ ಅವಳು ಆಡಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

“ಅಂಕಲ್‌ಜೀ, ಕೆನಡಾದಲ್ಲಿ ಅಂಥ ಅಂಗಡಿನೇ ಇಲ್ಲ. ದುಡ್ಡು ತಗೊಂಡು ಜಾಮೀನು ನಿಂತ್ರೆ ಅದೇ ಒಂದು ಕ್ರೈಮು. ಅವ್ರನ್ನ ಬಲ್ಲವರು ಒಬ್ರು ಮುಂದೆ ಬರ್ಬೇಕು. ಜೊತೇಲಿಟ್ಕೊಂಡು ದಿನಾ ಕಣ್ಣಿಟ್ಟಿರ್ಬೇಕು. ಅವ್ರು ತಪ್ಪಿದ್ರೆ ಒಪ್ಪಿಕೊಂಡ ದುಡ್ಡು ಆಮೇಲೆ ನೀವು ಕಟ್ಟೋದು.”

“ನಾನೇ ನಿಲ್ತೀನಿ ಬಿಡಿ, ನಾನವಳ ಹಸ್ಬೆಂಡು,” ಎಂದ ಮಗ.

“ಸರ್, ಏಟು ತಿಂದೋರೇ ನೀವು! ನಿಮ್ಮಿಂದ ದೂರ ಇಡೋಕೇ ಅಲ್ವಾ ಈ ಬೇಲು?”

ಧರ್ಮಶಾಸ್ತ್ರಗಳಲ್ಲಿ ಜಾಮೀನುದಾರನಿಗೆ ‘ಪ್ರತಿಭೂ’ ಎಂದು ಹೆಸರು. ಆತನ ಹೊಣೆ ಮೂರು ತೆರನಾದುದು: ಆರೋಪಿಯನ್ನು ಹಾಜರುಪಡಿಸುವುದು, ಆತ ನಂಬಿಕೆಗೆ ಅರ್ಹನೆಂದು ಹೇಳುವುದು, ತಪ್ಪಿದರೆ ಹಣ ತೆರುವುದು. ಪಾಠಶಾಲೆಯಲ್ಲಿ ಎಷ್ಟೋ ವರ್ಷ ಇದನ್ನು ಕಲಿಸಿದ್ದೇನೆ. ಅದು ನನ್ನ ಬಾಗಿಲಿಗೆ ಬಂದು ನಿಲ್ಲುವುದೆಂದು ಎಣಿಸಿರಲಿಲ್ಲ. ಅವಳ ತಾಯಿತಂದೆ ಮೈಸೂರಿನಲ್ಲಿದ್ದರು. ಇಲ್ಲಿ ಅವಳವರೆಂದು ಯಾರೂ ಇರಲಿಲ್ಲ. ನಾನು ನಿಲ್ಲದಿದ್ದರೆ ಅವಳು ಸೆರೆಮನೆಯಲ್ಲೇ ಉಳಿಯಬೇಕಾಗುತ್ತಿತ್ತು.

ಆದರೆ ಅವಳು ಗಂಡನಿರುವ ಮನೆಗೆ ಕಾಲಿಡುವಂತಿರಲಿಲ್ಲ. ಆದ್ದರಿಂದ ನಾನೇ ಮಗನ ಮನೆಯನ್ನು ಬಿಟ್ಟೆ. ಹತ್ತಿರದ ಊರಾದ ಸ್ಟೌಫ್‌ವಿಲ್‌ನಲ್ಲಿ ಪರಿಚಿತರೊಬ್ಬರು ತಮ್ಮ ಬೇಸ್‌ಮೆಂಟನ್ನು ನಮಗೆ ಬಿಟ್ಟುಕೊಟ್ಟರು.

ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಪರದೆಯ ಒಂದು ಮೂಲೆಯಲ್ಲಿ ಸೊಸೆ ಬಿಚ್ಚುಗೂದಲಲ್ಲಿ ಕುಳಿತಿದ್ದಳು. ನಮ್ಮ ಮನೆಯಲ್ಲಿ ಆಣೆ ಇಡುವ ರೂಢಿಯಿಲ್ಲದ್ದರಿಂದ ಸತ್ಯವನ್ನೇ ಹೇಳುವೆನೆಂದು ಮಾತು ಕೊಟ್ಟೆ. ಸರ್ಕಾರಿ ವಕೀಲರು ಕೇಳಿದರು:

“ಗಾಯಗೊಂಡವರು ನಿಮ್ಮ ಮಗ. ಅವರನ್ನು ಗಾಯಗೊಳಿಸಿದವರ ಪರ ಏಕೆ ನಿಲ್ಲುತ್ತಿದ್ದೀರಿ?”

“ಅವಳನ್ನು ಮನೆ ತುಂಬಿಸಿಕೊಂಡವನು ನಾನು,” ಎಂದೆ.

“ದಂಪತಿಯ ನಡುವೆ ನೇರವಾಗಿಯಾಗಲಿ ಇನ್ನೊಬ್ಬರ ಮೂಲಕವಾಗಲಿ ಯಾವ ಸಂಪರ್ಕವೂ ಕೂಡದು. ಮಗುವಿನ ಭೇಟಿಯ ವಿಷಯ ಮಾತ್ರ ನಿಮ್ಮ ಮೂಲಕ ನಡೆಯಬಹುದು. ಆಕೆ ಇದನ್ನು ಮೀರಿದರೆ ನೀವೇ ಪೊಲೀಸರಿಗೆ ಫೋನ್ ಮಾಡುವಿರಾ?”

ಪರದೆಯಲ್ಲಿ ಸೊಸೆ ತಲೆಯೆತ್ತಿ ನೋಡಿದಳು. ಬಾಯಿಗೆ ಬಂದದ್ದನ್ನು ಹೇಳಿ ಪಾರಾಗುವ ಪ್ರಶ್ನೆಯಲ್ಲ ಅದು. ಒಮ್ಮೆ ಹೌದೆಂದರೆ ಹಾಗೆಯೇ ನಡೆಯಬೇಕು.

“ಮಾಡುವೆ,” ಎಂದೆ. ಅಂದು ಸಂಜೆ ಅವಳನ್ನು ಬಿಟ್ಟರು.

ಬೇಸ್‌ಮೆಂಟಿನ ಕಿಟಕಿ ನೆಲದ ಮಟ್ಟದಲ್ಲಿತ್ತು. ಹಿಮ ಬಿದ್ದ ದಿನ ಅದೂ ಮುಚ್ಚಿಹೋಗುತ್ತಿತ್ತು. ಸೂರ್ಯ ಯಾವ ದಿಕ್ಕಿನಲ್ಲಿದ್ದಾನೆಂಬುದು ಊಹೆಯ ಮಾತಾಗಿ, ನಾನು ಸ್ಟೀಲಿನ ಲೋಟದಿಂದಲೇ ಅರ್ಘ್ಯ ಬಿಡುತ್ತಿದ್ದೆ. ಯಾರ ತಪ್ಪನ್ನೂ ನಾವು ಮಾತಿಗೆ ತರಲಿಲ್ಲ. ಭಾನುವಾರಗಳಂದು ಮನೆಯ ಯಜಮಾನರ ಕಾರಿನಲ್ಲಿ ಹೋಗಿ ಮೊಮ್ಮಗಳನ್ನು ಕರೆತರುತ್ತಿದ್ದೆ. ಸಂಜೆ ಮರಳಿ ಬಿಟ್ಟುಬರುತ್ತಿದ್ದೆ.

ಯುಗಾದಿಯೂ ಭಾನುವಾರಕ್ಕೇ ಬಂತು. ಮಗುವಿಗೆ ಬೇವುಬೆಲ್ಲ ತಿನ್ನಿಸಿದ ಸೊಸೆ ಬೆಳಗಿನಿಂದ ಒಲೆಯ ಮುಂದೆಯೇ ಇದ್ದಳು. ಸಂಜೆ ನಾನು ಬೂಟು ಹಾಕಿಕೊಳ್ಳುವಾಗ ಸ್ಟೀಲಿನ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಮುಚ್ಚಳದ ಸಂದಿನಿಂದ ಗೊಜ್ಜವಲಕ್ಕಿಯ ಹುಣಿಸೆ, ಇಂಗಿನ ಪರಿಮಳ ಬರುತ್ತಿತ್ತು. ಮಗನಿಗೆ ಅದರ ಮೇಲೆ ಪ್ರಾಣ.

“ಮಾವ, ಇದನ್ನ ಅಲ್ಲಿ ಕೊಟ್ಬಿಡಿ.”

“ಕೊಡೋಹಾಗಿಲ್ವಲ್ಲಮ್ಮ.”

“ತಿಂಡಿ ಮಾವ ಇದು. ಒಂದು ಚೀಟಿ ಇಟ್ಟಿಲ್ಲ, ಒಂದು ಮೆಸೇಜ್ ಇಲ್ಲ. ಅವಲಕ್ಕಿಗೂ ಜಡ್ಜ್ ಪರ್ಮಿಷನ್ ಬೇಕಾ?”

ಅವಳ ವಾದ ಹೊರನೋಟಕ್ಕೆ ಸರಿಯಾಗಿತ್ತು. ಆದರೆ ನಮ್ಮ ಮನೆತನದಲ್ಲಿ ಜಗಳವಾಡಿದ ಮೇಲೆ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿದವರು ಯಾರೂ ಇಲ್ಲ. ನನ್ನ ಪತ್ನಿಯ ಸಿಟ್ಟು ಇಳಿಯಿತೆಂಬುದು ನನಗೆ ತಿಳಿಯುತ್ತಿದ್ದುದು ತಟ್ಟೆಗೆ ಹುರುಳಿಕಟ್ಟಿನ ಸಾರು ಬಿದ್ದಾಗ. ಈ ಡಬ್ಬಿಯಲ್ಲಿ ಏನಿದೆಯೆಂದು ಸರ್ಕಾರಿ ವಕೀಲರಿಗೆ ತಿಳಿಯದಿದ್ದರೂ ನನಗೆ ತಿಳಿದಿತ್ತು. ನನ್ನ ಮಗನಿಗೂ ತಿಳಿಯುತ್ತಿತ್ತು. ಮಾತು ಕೊಟ್ಟವನು ನಾನು.

“ಅದು ಬರೀ ತಿಂಡಿಯಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಾಳೆ ಯಾರಾದರೂ ಕೇಳಿದರೆ ನಾನು ಸುಳ್ಳು ಹೇಳಲ್ಲ. ನೀನು ಮತ್ತೆ ಒಳಗೆ ಹೋಗಬೇಕಾಗುತ್ತೆ.”

“ನೀವೂ ಪೊಲೀಸೇ ಆಗ್ಬಿಟ್ರಿ ಬಿಡಿ,” ಎಂದು ಅವಳು ಗೋಡೆಯತ್ತ ತಿರುಗಿದಳು. ನಾನು ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟು, ಮಗುವಿನ ಕೈಹಿಡಿದು ಹೊರಟೆ.

ಮಗ ಬಾಗಿಲಲ್ಲೇ ಕಾದಿದ್ದ. ಹುಬ್ಬಿನ ಗಾಯ ಬಿಳಿಯ ಗೆರೆಯಾಗಿತ್ತು. ನಾನು ಬಾಯಿ ತೆರೆಯುವ ಮುನ್ನವೇ ಮೊಮ್ಮಗಳು ಜಾಕೆಟ್ ಕಳಚುತ್ತ ಹೇಳಿಬಿಟ್ಟಳು: “ಡ್ಯಾಡ್, ಅಮ್ಮ ಮೇಡ್ ಗೊಜ್ಜವಲಕ್ಕಿ ಫಾರ್ ಯೂ. ತಾತ ಸೆಡ್ ನೋ.”

ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಮಗು ಒಳಗೆ ಓಡಿತು.

“ಅಪ್ಪ... ಹುಳಿ ಸರಿಯಾಗಿತ್ತಾ ಅಂತ ಕೇಳ್ಬಹುದಾ?”

“ಕೇಳಬೇಡಪ್ಪ,” ಎಂದೆ.

ಮರುದಿನ ವಕೀಲೆಗೆ ಎಲ್ಲವನ್ನೂ ತಿಳಿಸಿದೆ. ಷರತ್ತನ್ನು ಸಡಿಲಿಸಲು ಅರ್ಜಿ ಹಾಕಬಹುದು, ಅದಕ್ಕೆ ವಾರಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಮಗುವಿನ ಮುಂದೆಯೂ ಮಾತು ಬಿಗಿಹಿಡಿಯಿರಿ ಎಂದಳು. ಆ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಭಾನುವಾರಗಳಂದು ಮಗು ಬಂದಾಗ ನಾವೀಗ ಅವಳ ಶಾಲೆಯನ್ನು ಬಿಟ್ಟು ಬೇರೇನನ್ನೂ ಮಾತನಾಡುವುದಿಲ್ಲ.

ಯುಗಾದಿಯ ಸಂಜೆ ಮರಳಿ ಬಂದಾಗ ಡಬ್ಬಿ ನಾನು ಬಿಟ್ಟಲ್ಲಿಯೇ ಇತ್ತು. ಸೊಸೆ ಏನನ್ನೂ ಕೇಳದೆ ಎರಡು ತಟ್ಟೆ ಹಾಕಿದಳು. ಮಗನ ಪಾಲನ್ನು ನನಗೆ ಬಡಿಸಿ ಎದುರಿಗೆ ಕುಳಿತಳು. ಅನ್ನವನ್ನು ಎಸೆಯುವಂತಿಲ್ಲ. ಪರಿಷೇಚನೆ ಮಾಡಿ ಮೊದಲ ತುತ್ತು ಬಾಯಿಗಿಟ್ಟೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಹುಳಿ ಸರಿಯಾಗಿತ್ತು. ಅದನ್ನು ಹೇಳಲು ನನ್ನಿಂದಾಗಲಿಲ್ಲ. ತಲೆ ತಗ್ಗಿಸಿ, ತಟ್ಟೆಯಲ್ಲಿದ್ದುದನ್ನು ಒಂದಗುಳೂ ಬಿಡದಂತೆ ತಿಂದು ಮುಗಿಸಿದೆ.